ಖುಲ್ನಾ, ಏಳು ಮೆಗಾಹರ್ಟ್ಸ್

ಹಗಲೆಲ್ಲ ನನ್ನ ಕೆಲಸ ಹೆಬ್ಬೆರಳು ಒತ್ತಿಸುವುದು.
ಸಿಂಧನೂರು, ಕುಷ್ಟಗಿ ರಸ್ತೆ, ಹತ್ತಡಿ ಅಂಗಡಿ;
ಪಿಂಚಣಿಗೆ, ಸಿಮ್ಮಿಗೆ, ಮತ್ತೊಂದಕ್ಕೆ
ನಾಟಿ ಹಚ್ಚಿ ಹಚ್ಚಿ ಗೆರೆ ಸವೆದ ಬೆರಳುಗಳು.
ಹೊಂದಿಕೆಯಾಗಲಿಲ್ಲ ಅನ್ನುತ್ತದೆ ಯಂತ್ರ.
"ನಾ ನಾನೇ ಅದೀನಲ್ಲವ್ವಾ" ಅನ್ನುತ್ತಾಳೆ ಹಂಪಮ್ಮ,
ಸೆರಗಿಗೆ ಬೆರಳು ಒರೆಸಿ, ಮತ್ತೆ ಒತ್ತಿ.

ರಾತ್ರಿ ಶಟರ್ ಅರ್ಧ ಇಳಿಸಿದ ಮೇಲೆ
ನನ್ನ ಸಹಿಯ ಸರದಿ.
ಹಳೇ ಲ್ಯಾಪ್‌ಟಾಪು, ಚಿತ್ರ ಬಟನ್ನುಗಳ ಭಾರ ತಾಳದು;
ಕಪ್ಪು ಪರದೆ, ಮಿಣುಕುವ ಒಂದು ಗೀಟು, ಅಷ್ಟೇ.
ಟಿಕ್ಯೂಎಸ್ಎಲ್ ಎಂದು ಬರೆದು,
ಅಡ್ಡಗೆರೆ ಡಿ: ತಾರೀಖು ಕೇಳುತ್ತ ಕೂರಬೇಡ.
ಅಡ್ಡಗೆರೆ ಯು: ರುಜು ಹಾಕಿ ಕಳಿಸು.
ಅಡ್ಡಗೆರೆ ಎಕ್ಸ್: ಮುಗಿಸಿ ಹೊರಡು, ಹರಟೆ ಬೇಡ.
ನಮ್ಮತ್ತೆ ಕೆಲಸ ಹೇಳುತ್ತಿದ್ದುದೂ ಹೀಗೇ.

ಮಾಳಿಗೆ ಮೇಲೆ ಎರಡು ಬಿದಿರು, ನಡುವೆ ತಾಮ್ರದ ತಂತಿ.
ಬಟ್ಟೆ ಒಣಹಾಕಲು ಅಂದುಕೊಂಡಿದ್ದಾರೆ ಪಕ್ಕದ ರೈಸ್‌ ಮಿಲ್ಲಿನವರು.
ಮಿಲ್ಲು ತಿರುಗುವಾಗ ಜಗತ್ತೆಲ್ಲ ಗರ್ರ್ ಅನ್ನುತ್ತದೆ.
ಕರೆಂಟು ಹೋದರೆ ನನಗೆ ಹಬ್ಬ:
ಬ್ಯಾಟರಿ ಮೇಲೆ ರೇಡಿಯೊ,
ಕಿವಿ ತುಂಬ ಆಕಾಶ.

ಅಂಥದೊಂದು ಸಂಜೆ, ಹೋದ ಕಾರ್ತೀಕದಲ್ಲಿ,
ಕ್ಯಾಂಪಿನ ನಿತಾಯಿ ಮಂಡಲ್ ಬಂದಿದ್ದ, ಯಾವುದೋ ಅರ್ಜಿಗೆ.
ಮೀನಿನ ಬುಟ್ಟಿ ಹೊರಗೆ, ವಾಸನೆ ಒಳಗೆ.
ಹುಟ್ಟಿದ ಊರು ಎಂಬ ಕಾಲಮ್ಮಿಗೆ ಬಂದು
ಎಂದಿನಂತೆ ತಡವರಿಸುತ್ತಿದ್ದ.
ಆಗ ಸ್ಪೀಕರಿನಲ್ಲಿ ಎದ್ದಿತು, ಎಸ್ ಟೂ ಒನ್...
"ಖುಲ್ನಾ" ಅಂದಿತು ದನಿ,
ಕೆ, ಹೆಚ್, ಯು ಎಂದು ಬಿಡಿಸಿ ಹೇಳಿತು.

ಮೈಕು ಕೊಡುವಂತಿಲ್ಲ. ಲೈಸೆನ್ಸು ನನ್ನದು,
ಇನ್ನೊಬ್ಬರ ಮಾತು ದಾಟಿಸುವಂತಿಲ್ಲ.
ಅವನಿಗದು ಗೊತ್ತಿರಲಿಲ್ಲ. ಆದರೂ ಬಾಯಿ ಮುಚ್ಚಿ ನಿಂತ,
ದೋಣಿ ಅಲುಗದಂತೆ ಕೂರಲು ಹೇಳಿಸಿಕೊಂಡ ಹುಡುಗನ ಹಾಗೆ.
ಐವತ್ತೊಂಬತ್ತು ಅಂದೆ. ಐವತ್ತೇಳು ಅಂದರು ಅತ್ತಲಿಂದ.
ಸೂಗಮ್ಮ ಅಂದೆ; ಶುಗರ್ ಎಂದು ಕೇಳಿಸಿತಂತೆ.
ಇಲ್ಲಿ ಬತ್ತದ ಬಯಲು ಅಂದೆ.
ಇಲ್ಲೂ. ಕೊಯ್ಲು ಶುರುವಾಗಿದೆ. ರಿವರ್ ಇಳಿದಿದೆ.
ರಿವರ್ ಎಂಬುದು ನಿತಾಯಿಗೆ ತಿಳಿಯಿತು.
ಯಾವುದು, ಎಂದು ಕೈಯಲ್ಲೇ ಕೇಳಿದ.
ನನ್ನದೇ ಪ್ರಶ್ನೆ ಎಂಬಂತೆ ಕೇಳಿದೆ.
"ರೂಪ್ಶಾ" ಎಂದದ್ದು ಬಂತು,
ಹಿಂದೆಯೇ ಕರೆಂಟೂ ಬಂತು,
ಮಿಲ್ಲು ಗರ್ರ್ ಅಂದಿತು.

ಲಾಗಿನಲ್ಲಿ ಅದೊಂದು ಸಾಲು.
ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಬೇಕು,
ಅವರದರಿಂದ ಆರು;
ಕಳೆದ ಮೇಲೆಯೇ ಎರಡೂ ಒಂದಾಗುವುದು.
ನನ್ನ ಕೀಲಿ ರುಜು ಹಾಕುವುದು ಕಾಲ್‌ಸೈನಿಗೆ, ವೇಳೆಗೆ,
ನಲವತ್ತು ಮೀಟರಿಗೆ. ಆಮೇಲೆ
ಒಂದಂಕಿ ತಿದ್ದಿದರೂ ಮುರಿಯುತ್ತದೆ.
ಟಿಪ್ಪಣಿಯ ಕಾಲಮ್ಮು ಒಂದಿದೆ,
ಜೊತೆಗೊಬ್ಬರು ನಿಂತು ಕೇಳಿದರು ಎಂದು ಬರೆದೆ.
ರುಜುವಿನ ಒಳಗೆ ಅದು ಬರುವುದಿಲ್ಲ.

ಖುಲ್ನಾದವರು ಇನ್ನೂ ಸಹಿ ಮಾಡಿಲ್ಲ.
ಅವರ ಸಾಲು ನನ್ನ ಸಾಲಿಗೆ ಕೂಡುವ ತನಕ
ಅದು ದೃಢವಾಗದ ಮಾತು.
ಸುಮ್ಮನೆ ಅದೇ ಫೈಲು ಮತ್ತೆ ಓಡಿಸುತ್ತೇನೆ;
ಎಲ್ಲ ಹಳೆಯದೇ, ಕಳಿಸಲು ಏನಿಲ್ಲ
ಎನ್ನುತ್ತದೆ ಕಪ್ಪು ಪರದೆ.

ವಾರಕ್ಕೊಮ್ಮೆ ನಿತಾಯಿ ಬುಟ್ಟಿ ಇಳಿಸುತ್ತಾನೆ.
"ಬಂತೇನಮ್ಮಾ, ಅವರ ಸಹಿ?"
ಇಲ್ಲ ಅನ್ನುತ್ತೇನೆ.
"ಅವರು ಮಾಡ್ಲಿಲ್ಲಾಂದ್ರ
ನಾವು ಮಾತಾಡೇ ಇಲ್ಲಂತೇನು?"

ನಾವು, ಅಂದ.
ನಾನು ತಿದ್ದಲಿಲ್ಲ.
ಕಾಟ್ಲಾ ಒಂದು ತೂಗಿ, ತಕ್ಕಡಿ ಕೊಂಚ ಜಗ್ಗಲು ಬಿಟ್ಟು,
ಕಾಲುವೆ ಮೀನಿಗೆ ಏನು ರುಚಿ ಎಂದು ಬೈಯುತ್ತ ಹೋದ.